ಓಡುವವರ ಹೊಟ್ಟೆ

ದಿಬ್ಬೂರಹಳ್ಳಿ
9 ಫೆಬ್ರವರಿ 2025, ಭಾನುವಾರ

ಚಿ. ಸೌ. ಕವಿತಳಿಗೆ ಅಪ್ಪನ ಆಶೀರ್ವಾದ.

ಸಂಕ್ರಾಂತಿಗೆ ನೀನು ಕಳಿಸಿದ ಅಂಗಿ ಬಂದಿದೆ, ಅಳತೆಯೂ ಸರಿಯಾಗಿದೆ. ಅದನ್ನು ತಿಳಿಸುವುದಕ್ಕೆ ಇಪ್ಪತ್ತೈದು ದಿನ ತಡ ಮಾಡಿದೆ, ಬೇಜಾರು ಮಾಡಿಕೊಳ್ಳಬೇಡ. ಫೋನ್ ಇತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನನ್ನ ಬಾಯಿ ನನ್ನ ಮಾತೇ ಕೇಳುವುದಿಲ್ಲ, ಎಲ್ಲವನ್ನೂ ತಮಾಷೆಗೆ ತಿರುಗಿಸಿಬಿಡುತ್ತದೆ. ಅದಕ್ಕೇ ಕಾಗದ.

ನಿಮ್ಮಮ್ಮನನ್ನು ಬೈಯಬೇಡ. ಬಟ್ಟೆ ಮಡಿಸುತ್ತಾ ಬಾಯಿತಪ್ಪಿ ಹೇಳಿಬಿಟ್ಟಳು. ಇಪ್ಪತ್ತೆರಡನೇ ತಾರೀಕು ಚಿಕ್ಕಬಳ್ಳಾಪುರದಲ್ಲಿ ಸರ್ಕಾರಿ ನೌಕರರ ಕ್ರೀಡಾಕೂಟವಂತೆ, ಎಂಟುನೂರು ಮೀಟರ್ ಓಟಕ್ಕೆ ನೀನು ಹೆಸರು ಕೊಟ್ಟಿದ್ದೀಯಂತೆ, "ಅಪ್ಪಂಗೆ ಮಾತ್ರ ಹೇಳ್ಬೇಡ" ಅಂದೆಯಂತೆ. ಮೂವತ್ತೆಂಟು ವರ್ಷದ ಮೇಡಮ್ಮು ದಿನಾ ಬೆಳಗ್ಗೆ ಗೌರಿಬಿದನೂರಿನಲ್ಲಿ ಶಾಲೆ ಮೈದಾನ ಸುತ್ತುತ್ತಾಳಂತೆ. ಕೇಳಿ ಖುಷಿಯಾಯಿತು. ನನಗೆ ಬಂದು ನೋಡಬೇಕು ಅಂತ ಬಹಳ ಆಸೆ. ಆದರೆ ನೀನು ಕರೆಯದೆ ಬರುವುದಿಲ್ಲ. ಆ ಮಾತು ಅಲ್ಲಿರಲಿ, ಮೊದಲು ನಾಯಿಗಳ ಸಮಾಚಾರ ಕೇಳು.

ಎರಡು ಕುರಿಯಿಂದ ನೂರಾ ಹದಿನಾಲ್ಕಕ್ಕೆ ಬಂದವನು ನಾನು. ಅದರಲ್ಲಿ ಅರ್ಧ ನನ್ನ ತಲೆ, ಇನ್ನರ್ಧ ನಾಯಿಗಳ ಕಾಲು. ಹಳೇ ನಾಯಿ ದೊರೆಯನ್ನು ನೀನು ನೋಡಿದ್ದೀಯ. ಈಗ ಜೊತೆಗೆ ಜಾಜಿ ಅಂತ ಎರಡು ವರ್ಷದ ಹೆಣ್ಣುನಾಯಿ ಇದೆ. ಬೆಳಗ್ಗೆ ಒಂಬತ್ತಕ್ಕೆ ಹೊರಟರೆ ಮನೆಗೆ ಬರುವುದು ಸಂಜೆ ಆರಕ್ಕೆ. ನಾನು ಒಂದು ಮೈಲಿ ನಡೆದರೆ ಅವು ಹಿಂದೆ ಮುಂದೆ ಸುತ್ತಿ ಮೂರು ಮೈಲಿ ಓಡಿರುತ್ತವೆ.

ಈ ಜಾಜಿ ಮಧ್ಯಾಹ್ನ ಎರಡು ಗಂಟೆಗೆ ಸರಿಯಾಗಿ, ಆಫೀಸು ಬಾಗಿಲು ಹಾಕಿದ ಹಾಗೆ, ಹೊಂಗೆ ಮರದಡಿ ಮಲಗಿಬಿಡುವುದು. ಒಂದು ದಿನ ಹೀಗೇ ನಾಲ್ಕು ಕುರಿ ತಪ್ಪಿಸಿಕೊಂಡು ಬಯ್ಯಪ್ಪನ ಹಿಪ್ಪುನೇರಳೆ ತೋಟಕ್ಕೆ ನುಗ್ಗಿದವು. ರೇಷ್ಮೆ ಹುಳುವಿಗೆ ಹಾಕುವ ಸೊಪ್ಪು, ಅವನು ಸುಮ್ಮನಿರುತ್ತಾನಾ? "ಏನಪ್ಪ ಗಂಗುಲಪ್ಪ, ನಾಯಿ ಸಾಕಿದೀಯೋ, ದಿಂಬು ಸಾಕಿದೀಯೋ?" ಅಂತ ಊರಿಗೆಲ್ಲ ಕೇಳುವ ಹಾಗೆ ಕೂಗಿದ.

ನನ್ನ ಲೆಕ್ಕ ನಿನಗೆ ಗೊತ್ತು. ದುಡಿಯುವ ಪ್ರಾಣಿಗೆ ಹೊಟ್ಟೆ ತುಂಬಿರಬೇಕು. ಹೊರಡುವ ಮುಂಚೆ ತಲಾ ಒಂದು ಮುದ್ದೆ ಹಾಕುತ್ತಿದ್ದೆ. ಜಾಜಿ ಸೋಲುತ್ತೆ ಅಂತ ಒಂದೂವರೆ ಮಾಡಿದೆ. ಒಂದು ಗಂಟೆಗೇ ಮಲಗಿತು. ಎರಡು ಮಾಡಿದೆ. ಆವತ್ತು ಗುಡ್ಡ ಹತ್ತುವಾಗ ತಿಂದಿದ್ದನ್ನೆಲ್ಲ ಕಕ್ಕಿ, ಕಾಲು ನಡುಗಿಸಿಕೊಂಡು ಕೂತುಬಿಟ್ಟಿತು. ಹೆಗಲ ಮೇಲೆ ಹೊತ್ತು ರಸ್ತೆಗೆ ತಂದು, ಆಟೋ ಹತ್ತಿಸಿ ಶಿಡ್ಲಘಟ್ಟಕ್ಕೆ ಕರೆದುಕೊಂಡು ಹೋದೆ. ಅಲ್ಲಿ ದನದ ಡಾಕ್ಟರು ಶ್ರೀವಲ್ಲಿ ಅಂತ, ನಿನಗಿಂತ ಚಿಕ್ಕ ಹುಡುಗಿ.

"ಯಜಮಾನ್ರೇ, ಊಟ ಯಾವಾಗ ಹಾಕ್ತೀರಿ?"

"ಹೊರಡೋಕೆ ಮುಂಚೆ ಕಣಮ್ಮ, ಹೊಟ್ಟೆ ಬಿರಿಯ."

"ಮದುವೆ ಊಟ ಮುಗಿಸಿ ಎದ್ದ ತಕ್ಷಣ ನೀವು ನಂದಿ ಬೆಟ್ಟ ಹತ್ತೀರಾ?"

"ನಂಗೇನು ಹುಚ್ಚಾ?"

"ಮತ್ತೆ ಇದಕ್ಕೆ ಹುಚ್ಚಾ?"

ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ತುಂಬಿದ ಹೊಟ್ಟೆಯಲ್ಲಿ ಓಡಿದರೆ ಹೊಟ್ಟೆ ತಿರುಚಿಕೊಂಡು ನಾಯಿ ಸತ್ತೇ ಹೋಗಬಹುದಂತೆ. ದೊಡ್ಡ ಊಟ ಸಂಜೆ ಹಾಕಬೇಕು, ಅದೂ ಬಂದು ದಣಿವಾರಿಸಿಕೊಂಡ ಮೇಲೆ. ಬೆಳಗ್ಗೆ ಎದ್ದ ಕೂಡಲೇ ಒಂದು ಹಿಡಿ ಸಾಕು. ದಾರಿಯಲ್ಲಿ ಆಗಾಗ ಸ್ವಲ್ಪ ಸ್ವಲ್ಪ ನೀರು, ಮಧ್ಯಾಹ್ನ ಒಂದು ಗಂಟೆ ಹೊತ್ತು ನೆರಳು, ಆಗ ಜಿಡ್ಡಿರುವುದು ಒಂದೆರಡು ತುತ್ತು. ಇಷ್ಟೇ.

ಜಿಡ್ಡಿಗೆ ಎಲ್ಲಿಗೆ ಹೋಗಲಿ? ರೇಷ್ಮೆ ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುತ್ತದಲ್ಲ ಬೆಂದ ಹುಳು, ಅದನ್ನು ತಂದು ಒಣಗಿಸಿದೆ. ಡಾಕ್ಟರು ನೋಡಿ, "ಸ್ವಲ್ಪ ಕೊಡಿ, ಪರವಾಗಿಲ್ಲ" ಅಂದರು. ನಿಮ್ಮಮ್ಮ ಮಾತ್ರ ಮೂಗು ಮುಚ್ಚಿಕೊಂಡು, "ಆ ಡಬ್ಬ ಒಳಗೆ ಬಂದ್ರೆ ನಾನು ಹೊರಗೆ ಹೋಗ್ತೀನಿ" ಅಂದಳು. ಡಬ್ಬ ಈಗ ಕೊಟ್ಟಿಗೆಯಲ್ಲಿದೆ, ಸಂಸಾರ ಉಳಿದಿದೆ. ಪಕ್ಕದ ಮಂದೆಯ ಆವುಲಪ್ಪ, "ಏಮನ್ನಾ, ಕುಕ್ಕಕಿ ಕೂಡಾ ಟೈಂಟೇಬುಲ್ಲಾ?" ಅಂತ ತೆಲುಗಿನಲ್ಲಿ ನಕ್ಕ. ನಾಯಿಗೂ ಟೈಂಟೇಬಲ್ಲೇ, ನಗಲಿ.

ಕ್ಯಾಲೆಂಡರ್ ಹಿಂದೆ ದಿನಾ ಬರೆದಿಟ್ಟಿದ್ದೇನೆ. ಮುಂಚೆ ಎರಡು ಗಂಟೆ ಮೇಲೆ ಹತ್ತು ಸಲ ಶಿಳ್ಳೆ ಹಾಕಿದರೆ ಜಾಜಿ ಮೂರು ಸಲ ಏಳುತ್ತಿತ್ತು. ಈಗ ಒಂಬತ್ತು ಸಲ ಏಳುತ್ತದೆ. ಉಳಿದ ಒಂದು ಅದರ ತಪ್ಪಲ್ಲ, ಮುಂದಿನ ಹಲ್ಲು ಬಿದ್ದ ಮೇಲೆ ನನ್ನ ಶಿಳ್ಳೆಯಲ್ಲಿ ಗಾಳಿಯೇ ಜಾಸ್ತಿ. ನಿನ್ನೆ ಐದು ಗಂಟೆಗೆ ಒಂದು ಮರಿ ಹಿಂದೆ ಉಳಿದಿತ್ತು. ನಾನು ಹೇಳುವ ಮುಂಚೆಯೇ ಹೋಗಿ ಅಟ್ಟಿಕೊಂಡು ಬಂತು. ದೊರೆಗೂ ಈ ವಯಸ್ಸಿನಲ್ಲಿ ಬಾಲ ಮೇಲೆದ್ದಿದೆ. ಬಯ್ಯಪ್ಪನೇ ಬಂದು, "ಏನು ಹಾಕ್ತೀಯಪ್ಪ ಅದಕ್ಕೆ?" ಅಂತ ಕೇಳಿದ. "ಕಮ್ಮಿ ಹಾಕ್ತೀನಿ" ಅಂದೆ. ನಂಬಲಿಲ್ಲ.

ನಿನಗೆ ಬುದ್ಧಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡ. ನಾಯಿ ಬೇರೆ, ಮೇಡಮ್ಮು ಬೇರೆ. ಆದರೂ ಓಟದ ದಿನ ಬೆಳಗ್ಗೆ ಬೇಗ ಎದ್ದು, ಹಗುರಾಗಿ ಏನಾದರೂ ತಿನ್ನು. ಯಾರು ಏನು ಬಡಿಸಿದರೂ ನಿನ್ನ ಹೊಟ್ಟೆ ಹೇಳಿದ್ದನ್ನು ಕೇಳು. ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಕಾಲಿಗೆ ಮುಳ್ಳು ತಾಗದಿರಲಿ, ಉಸಿರು ಕೊನೇ ಗೆರೆಯವರೆಗೂ ಬರಲಿ.

ನಿನ್ನ ಅಪ್ಪ
ಗಂಗುಲಪ್ಪ

ಮತ್ತೆ: ಕಾಗದ ಅಂಟಿಸಲಿಕ್ಕೆ ಹೋದವನು ನಿಲ್ಲಿಸಿದೆ. ನೀನು ಒಂಬತ್ತನೇ ಕ್ಲಾಸಿನಲ್ಲಿ ಇದೇ ಎಂಟುನೂರು ಮೀಟರ್ ಓಡಿದ ದಿನ, ಅರ್ಧ ಗಂಟೆ ಮುಂಚೆ ಮೈದಾನದ ಬೇಲಿ ಪಕ್ಕ ಕೂರಿಸಿ ನಾನು ನಿನಗೆ ಎರಡು ಮುದ್ದೆ ತಿನ್ನಿಸಿದೆ. ಎರಡನೇ ಸುತ್ತಿನಲ್ಲಿ ನೀನು ಕೂತು ವಾಂತಿ ಮಾಡಿಕೊಂಡೆ. ಆಮೇಲೆ ಓಡಲೇ ಇಲ್ಲ. ಇಪ್ಪತ್ತನಾಲ್ಕು ವರ್ಷದಿಂದ ಅದನ್ನು ನಗೆಕಥೆ ಮಾಡಿ ಹೇಳಿದ್ದೇನೆ, ನಿನ್ನ ಮದುವೆಯಲ್ಲಿ ಬೀಗರ ಮುಂದೆ ಸಹ. ಎಲ್ಲರೂ ನಗುವಾಗ ನೀನು ಎದ್ದು ಒಳಗೆ ಹೋಗುತ್ತಿದ್ದೆ. "ಪಾಪ, ನಂಗೇನು ಗೊತ್ತಿತ್ತು" ಅಂತ ನಾನು ಕಥೆ ಮುಗಿಸುತ್ತಿದ್ದೆ. ಒಂದು ಮಾತನ್ನು ಯಾವತ್ತೂ ಅದರಲ್ಲಿ ಸೇರಿಸಲಿಲ್ಲ. ಎರಡನೇ ಮುದ್ದೆ ಹಾಕುವಾಗ ನೀನು ನನ್ನ ಕೈ ಹಿಡಿದು, "ಸಾಕಪ್ಪ, ಓಡಕ್ಕಾಗಲ್ಲ" ಅಂದೆ. ನನಗೆ ಕೇಳಿಸಿತ್ತು.