ಗೋಡೆಯ ಮೇಲಿನ ದೊಡ್ಡಮ್ಮ

ಭಾನುವಾರ, ನವೆಂಬರ್ ೯

ನನ್ನ ಮುದ್ದಿನ ತಂಗಿಗೆ,

ಅಕ್ಕನ ಆಶೀರ್ವಾದ. ಉತ್ತರ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಹೊಲಿಗೆ ಅಂಗಡಿಯಲ್ಲಿ ಸಮವಸ್ತ್ರಗಳ ರಾಶಿ, ಉಸಿರಾಡಲೂ ಪುರಸೊತ್ತಿಲ್ಲ. ನೀನು ಕೆಲಸಕ್ಕೆಂದು ಅವರ ಮನೆಯಲ್ಲೇ ಇದ್ದು ನೋಡಿಕೊಳ್ಳುವ ಆ ಅಜ್ಜಿಗೆ ಈಗ ಹೇಗಿದೆ? ನಿನಗೆ ನಾಲ್ಕು ದಿನ ರಜೆ ಕೊಡುವಷ್ಟು ಗುಣವಾದರೆ ಸಾಕು.

ನನ್ನ ಬಳಿ ಬಿಟ್ಟುಹೋದ ನಿನ್ನ ಮಗಳ ಸುದ್ದಿ ಕೇಳು. ಶಾಲೆಯಲ್ಲಿ ಮನೆಯವರ ಚಿತ್ರ ಬರೆಯಲು ಹೇಳಿದ್ದರಂತೆ. ಇವಳು ನಮ್ಮಿಬ್ಬರನ್ನೂ ಬರೆದು, ಇಲ್ಲಿನ ಭಾಷೆಯಲ್ಲಿ, ಇದು ಅಮ್ಮ, ಇದು ದೊಡ್ಡ ಅಮ್ಮ ಎಂದಿದ್ದಾಳೆ. ಚಿತ್ರದಲ್ಲಿ ನಾನು ಕುಂಬಳಕಾಯಿಯ ಹಾಗಿರುವುದರಿಂದ 'ದೊಡ್ಡ' ಎಂಬುದಕ್ಕೆ ಯಾರೂ ತಕರಾರು ಮಾಡಲಿಲ್ಲ. ಇಬ್ಬರು ಅಮ್ಮಂದಿರು ಎಂದದ್ದಕ್ಕೇ ಶಾಲೆಯ ಸಲಹೆಗಾರ್ತಿ ಗಾಬರಿಯಾಗಿ ನನ್ನನ್ನು ಕರೆಸಿದರು. ಮಗುವಿಗೆ ಗೊಂದಲವಾಗಿದೆ, ಮನೆಯಲ್ಲೂ ಇಲ್ಲಿನ ಭಾಷೆಯನ್ನೇ ಆಡಿ ಎಂದರು. ನಮ್ಮ ಮಾತು ಬಿಡಿಸಿಬಿಟ್ಟರೆ, ನೀನು ಫೋನ್ ಮಾಡಿದಾಗ ಅವಳು ಯಾವ ಭಾಷೆಯಲ್ಲಿ ಹಟ ಮಾಡಬೇಕು?

ಆಗ ಅವಳ ಟೀಚರ್ ಬಂದರು. ಸದಾ ಗಂಟುಮೋರೆ ಎಂದು ನಾವು 'ಹಾಗಲಕಾಯಿ' ಎನ್ನುತ್ತಿದ್ದೆವಲ್ಲ, ಅವರೇ. ಅಮ್ಮನ ಅಕ್ಕನನ್ನು ನಿಮ್ಮಲ್ಲಿ ಏನೆಂದು ಕರೆಯುತ್ತೀರಿ ಎಂದು ಕೇಳಿದರು. ಹೇಳಿದೆ. "ದೊದ್ದಮ್ಮ" ಎಂದರು. ನಿನ್ನ ಮಗಳು ಬಿಡುತ್ತಾಳೆಯೇ? ನಾಲಿಗೆ ಮೇಲಕ್ಕೆ ಮಡಚಿ ತೋರಿಸಿ ತಿದ್ದಿದಳು. ಅಷ್ಟು ಓದಿದಾಕೆ ಮಕ್ಕಳ ಪುಟ್ಟ ಕುರ್ಚಿಯಲ್ಲಿ ಕುಳಿತು, ಸರಿಯಾಗುವವರೆಗೂ ಹೇಳಿದರು. ಆಮೇಲೆ ಸಲಹೆಗಾರ್ತಿಯ ಕಡೆ ತಿರುಗಿ ಮೆಲ್ಲಗೆ ಹೇಳಿದರು:

"ಮಗು ಸರಿಯಾಗೇ ಹೇಳಿದೆ. ನಮ್ಮ ಭಾಷೇಲೇ ಆ ಪದ ಇಲ್ಲ. ಇವಳ ಹತ್ರ ಕಲಿಯೋಣ ಬಿಡಿ."

ಸಲಹೆಗಾರ್ತಿಯೂ ಒಳ್ಳೆಯವರೇ; ನಕ್ಕು, ಹಾಗಾದರೆ ಮನೆಮಾತು ಬಿಡಬೇಡಿ ಎಂದರು. ಟೀಚರ್ ಚಿತ್ರದ ಕೆಳಗೆ ನನ್ನ ಕೈಯಿಂದಲೇ ನಮ್ಮ ಅಕ್ಷರ ಬರೆಸಿ ಗೋಡೆಗೆ ಅಂಟಿಸಿದರು. ಈಗ ಆ ಗೋಡೆಯ ತುಂಬ ನಮ್ಮಂತೆ ಹೊರಗಿನಿಂದ ಬಂದವರ ಮಾವಂದಿರು, ಅಜ್ಜಿಯರು ಅವರವರ ಲಿಪಿಯಲ್ಲಿ ಜಾಗ ಹಿಡಿದಿದ್ದಾರೆ. ಇನ್ನು ಆಕೆಯನ್ನು ಹಾಗಲಕಾಯಿ ಎಂದರೆ ನನ್ನ ನಾಲಿಗೆ ಬಿದ್ದುಹೋಗಲಿ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೆಲಸ ಹಗುರಾಗಲಿ, ದಾರಿ ಬೇಗ ಇತ್ತ ತಿರುಗಲಿ.

ನಿನ್ನ ಅಕ್ಕ

ಮತ್ತೊಂದು ಮಾತು: ಅಕ್ಷರ ಬರೆಯುವಾಗ ನಿನ್ನ ಮಗಳು ನನ್ನ ಕೈ ಹಿಡಿದು, "ದೊಡ್ಡ ಬೇಡ, ಬರೀ ಅಮ್ಮ ಅಂತ ಬರಿ" ಎಂದಳು. ನಾನು ಪೂರ್ತಿಯೇ ಬರೆದೆ. ಮನೆಗೆ ಬಂದ ಮೇಲೆ ಅಡುಗೆಮನೆ ಬಾಗಿಲಲ್ಲಿ ನಿಂತು "ಅಮ್ಮಾ" ಎಂದು ಕರೆದಳು. ಕೇಳಿಸದವಳ ಹಾಗೆ ನಲ್ಲಿ ತಿರುಗಿಸಿದೆ. ಮಕ್ಕಳಿಲ್ಲದ ನನಗೆ ಆ ಒಂದು ಮಾತಿನಿಂದ ಹೊಟ್ಟೆ ತಣ್ಣಗಾಯಿತು. ನಿನಗೆ ಅದನ್ನೇ ಓದಿ ಹೊಟ್ಟೆ ಉರಿಯುತ್ತದೆಂದೂ ಗೊತ್ತು. ಇನ್ನೊಂದು ಸಲ ಕರೆದರೆ ಓಗೊಡದೆ ಇರಲಾರೆ. ಬೇಗ ಬಾ.