ಕತ್ತರಿ ಹಾಕಿದ ಟೇಪು

ಮಾರ್ಚ್ ೧೪, ಶನಿವಾರ

ಆ ಕರಕರ ಇನ್ನೂ ಕಿವಿಯಲ್ಲಿದೆ. ಕಾರ್ಯಕ್ರಮಕ್ಕೆ ಮುಂಚೆ ಮಿಕ್ಸರಿನಲ್ಲಿ ಗಾಯಕಿಯ ಮೈಕಿನ ಗೇನ್, ಅಂದರೆ ದನಿ ಒಳಬರುವ ಮಟ್ಟ, ಹದ ಮಾಡಿ, ಅದರ ನಾಬ್ ಪಕ್ಕ ಬಿಳಿ ಟೇಪಿನ ಗುರುತು ಹಾಕಿದ್ದು ನಾನೇ. ಹಾಡಿನ ನಡುವೆ ದನಿ ಒಡೆಯಿತು. ನಾನು ಸ್ಪೀಕರ್ ನೋಡಲು ಓಡಿದೆ. ಮಿಕ್ಸರ್ ಮುಂದಿದ್ದ ಅಣ್ಣ ಒಟ್ಟು ಸದ್ದು ಇಳಿಸಿದರೂ ಒಡಕು ಹೋಗಲಿಲ್ಲ. ಗೇನ್ ಮಿತಿಮೀರಿದರೆ ಆಮೇಲೆ ಎಲ್ಲಿ ಇಳಿಸಿದರೂ ದಂಡ ಎಂದು ಕಲಿಸಿದವನೇ ಅವನು.

ಸಭಾಂಗಣದ ಮ್ಯಾನೇಜರ್ ಕೆಂಡಾಮಂಡಲವಾಗಿ ಬಂದರು. "ಗೇನ್ ಇಟ್ಟಿದ್ದು ನನ್ ತಂಗಿ ಸಾರ್. ಗುರುತು ನೋಡಿ, ನಾನು ಮುಟ್ಟೇ ಇಲ್ಲ," ಎಂದ ಅಣ್ಣ. ನಾಬ್ ಟೇಪಿನ ನೇರಕ್ಕೇ ಇತ್ತು, ಆದರೆ ನಾನಿಟ್ಟದ್ದಕ್ಕಿಂತ ತೀರಾ ಮೇಲೆ. ಇನ್ನು ಮುಂದೆ ನಾನು ಅಲ್ಲಿಗೆ ಬರುವುದು ಬೇಡ ಎಂದರು ಮ್ಯಾನೇಜರ್.

ವೈರು ಸುತ್ತುವಾಗ ಟೇಪು ಕಿತ್ತೆ. ನಾನು ಟೇಪು ಹರಿಯುವುದು ಹಲ್ಲಿನಿಂದ. ಅದಕ್ಕೇ ಅಣ್ಣನಿಗೆ ನಾನು 'ಇಲಿ'. ಆದರೆ ಇದರ ಅಂಚು ಕತ್ತರಿಯಲ್ಲಿ ಕತ್ತರಿಸಿದಂತೆ ನೇರವಾಗಿತ್ತು. ಅಣ್ಣ ಗೇನ್ ಏರಿಸಿದ್ದಲ್ಲದೆ, ನಾನು ಸ್ಪೀಕರ್ ಕಡೆ ಓಡಿದಾಗ ನನ್ನ ಟೇಪು ಕಿತ್ತು ಬೇರೆಯದನ್ನು ಮೇಲೆ ಅಂಟಿಸಿದ್ದಾನೆ.

"ಬೇಜಾರ್ ಮಾಡ್ಕೋಬೇಡ ಇಲಿ, ಎಲ್ರಿಗೂ ಆಗತ್ತೆ," ಎಂದು ವ್ಯಾನಿನಲ್ಲಿ ತಲೆ ಸವರಿದ. ಟೇಪು ನನ್ನ ಮುಷ್ಟಿಯಲ್ಲೇ ಇತ್ತು. ನಾನು ಹೂಂ ಎಂದೆ.