ಗುಂಡವ್ವನ ಮುಷ್ಟಿಯಲ್ಲಿದ್ದದ್ದು ಉಪ್ಪು

ಎಚ್ಚರಿಕೆ ಹಂಚುವುದರಲ್ಲಿ ಯಾರಿಗೂ ಸೋಲದ ಮಾನ್ಯ ಠಾಣಾಧಿಕಾರಿಗಳೇ,

ಕಳೆದ ತಿಂಗಳು ನಿಮ್ಮ ಠಾಣೆಯ ವಾಟ್ಸಾಪ್ ಗುಂಪಿನಿಂದ ಹೊರಟ ಒಂಬತ್ತು ಸೆಕೆಂಡಿನ ವಿಡಿಯೊ ಸುಳ್ಳು. 'ಮಂತ್ರ ಹಾಕಿ ಮಕ್ಕಳನ್ನು ಒಯ್ಯುವ ಕರ್ನಾಟಕದ ಹೆಂಗಸು' ಎಂದು ನೀವು ಕರೆದದ್ದು ನನ್ನ ದೂರದ ಸಂಬಂಧದ ತಂಗಿ ಗುಂಡವ್ವನನ್ನು. ಹೊಟ್ಟೆಪಾಡಿಗೆ ನಿಮ್ಮ ಮರಾಠಿ ಸೀಮೆಗೆ ಬಂದು, ಸಂಭಾಜಿನಗರದ ಕಟ್ಟಡಗಳಿಗೆ ಹದಿನಾರು ವರ್ಷ ಸಿಮೆಂಟಿನ ಬುಟ್ಟಿ ಹೊತ್ತವಳು ಅವಳು.

ನಡೆದದ್ದಿಷ್ಟು. ಹತ್ತಿರದ ವೇರೂಳಿನ ಬಸ್ ನಿಲ್ದಾಣದಲ್ಲಿ ಒಂದು ಕೂಸು ಅತ್ತೂ ಅತ್ತೂ ತಾಯಿಯನ್ನು ಕಂಗೆಡಿಸಿತ್ತು. ಗುಂಡವ್ವ ತಾಯಿಯನ್ನು ಕೇಳಿಯೇ, ಬುತ್ತಿಯಲ್ಲಿದ್ದ ಉಪ್ಪನ್ನು ಮುಷ್ಟಿಯಲ್ಲಿ ಹಿಡಿದು ಮೂರು ಸುತ್ತು ನಿವಾಳಿಸಿ ದೃಷ್ಟಿ ತೆಗೆದಳು. ಕೂಸು ಸುಮ್ಮನಾಯಿತು. ಯಾವನೋ ಪುಣ್ಯಾತ್ಮ ತಾಯಿಯನ್ನು ಬಿಟ್ಟು ಕೂಸನ್ನೂ ಗುಂಡವ್ವನ ಹಚ್ಚೆ ಹಾಕಿದ ಕೈಯನ್ನೂ ಮಾತ್ರ ಚಿತ್ರೀಕರಿಸಿದ. ಅದನ್ನೇ ನೀವು 'ಖಚಿತಪಟ್ಟಿಲ್ಲ, ಆದರೂ ಎಚ್ಚರವಿರಲಿ' ಎಂದು ಠಾಣೆಯ ಹೆಸರಿನಲ್ಲಿ ಹಂಚಿದಿರಿ. ಖಚಿತಪಡಿಸುವುದು ಯಾರ ಕೆಲಸ ಸ್ವಾಮಿ? ನಿಲ್ದಾಣದ ಚಹಾದವನದೇ?

ಇಂಥ ಸುದ್ದಿ ಹಬ್ಬುವುದು ಜನರ ಮೂರ್ಖತನದಿಂದ ಎಂದು ನೀವು ಸಭೆಗಳಲ್ಲಿ ಭಾಷಣ ಮಾಡುತ್ತೀರಿ. ನಾನು ಶಾಲೆಯ ಮೆಟ್ಟಿಲು ಹತ್ತದ, ಗಾರೆ ಕೆಲಸದ ಗೌಂಡಿ, ಊರಲ್ಲಿ ಕನ್ನಡ, ಇಲ್ಲಿ ಮರಾಠಿ ಅಂಗಡಿಯ ಬೋರ್ಡು ನೋಡಿ ಅಕ್ಷರ ಕಲಿತವನು. ಆದರೂ ಇಷ್ಟು ಬಲ್ಲೆ, ಸುಳ್ಳನ್ನು ನಮಗೆ ಕಳಿಸುವವರು ನಮ್ಮನ್ನು ಪ್ರೀತಿಸುವವರೇ. ನನ್ನ ಸೊಸೆ ಸುಮಂಗಲಾ ಅದನ್ನು ನಾಸಿಕದಲ್ಲಿರುವ ತನ್ನ ತಂಗಿಗೆ ಕಳಿಸಿದಳು. ಯಾಕವ್ವಾ ಎಂದರೆ, "ಸುಳ್ಳಿದ್ರ ಇರ್ಲಿ ಬಿಡ್ರಿ ಮಾವಾ, ಖರೇ ಇದ್ರ? ಆಕಿಗೂ ಸಣ್ಣ ಕೂಸ ಐತಿ" ಎಂದಳು. ಆ ಅಕ್ಕರೆಯ ಜೊತೆಗೆ ಠಾಣೆಯ ಹೆಸರೂ ಸೇರಿದರೆ ತಡೆಯುವವರು ಯಾರು?

ನಾನೂ ತಡೆಯಲಿಲ್ಲ. ಮರಾಠಿ ಓದಲು ಬಾರದ ನಮ್ಮ ಮಂದಿಗೆ ಸರಕಾರಿ ಸೂಚನೆಗಳನ್ನು ಕನ್ನಡಕ್ಕೆ ತಿರುಗಿಸಿ ನಮ್ಮದೇ ವಾಟ್ಸಾಪ್ ಗುಂಪಿಗೆ ಹಾಕುವವನು ನಾನೇ. ನಿಮ್ಮದನ್ನೂ ಹಾಕಿದೆ. 'ಖಚಿತಪಟ್ಟಿಲ್ಲ' ಎಂಬ ಮಾತು ದಂಡವೆನಿಸಿ ಬಿಟ್ಟೆ.

ಎರಡೇ ದಿನ. ಸಂತೆಯಲ್ಲಿ ಹಚ್ಚೆಯ ಗುರುತು ಹಿಡಿದು ಹೆಂಗಸರು ಗುಂಡವ್ವನನ್ನು ಎಳೆದಾಡಿದರು; ಮುಂಗೈ ಮುರಿಯಿತು. ಎಳೆದವರಲ್ಲಿ ನಮ್ಮವರೂ ಇದ್ದರು. "ಯಣ್ಣಾ, ಈ ಕೈಲೆ ಬಡದ ರೊಟ್ಟಿ ತಿಂದೀಯಲ್ಲೋ, ವಿಡಿಯೊದಾಗ ಕೈ ಗುರ್ತ ಸಿಗಲಿಲ್ಲೇನು?" ಎಂದಳು ಗುಂಡವ್ವ, ನೋಡಲು ಹೋದ ನನಗೆ. ಅದೇ ಪ್ರಶ್ನೆ ಹೊತ್ತು ನಿಮ್ಮ ಠಾಣೆಗೆ ಬಂದೆ.

ನಿಮ್ಮಲ್ಲಿ ಉತ್ತರ ತಯಾರಿತ್ತು. "ಕಾಕಾ, ಸಾವಧ ರಾಹಿಲಂ ತರ ಬಿಘಡ್ಲಂ ಕುಠೇ?" ಎಂದು ನಕ್ಕಿರಿ. ಎಚ್ಚರವಾಗಿದ್ದರೆ ಕೆಟ್ಟದ್ದೆಲ್ಲಿ ಎಂದೇ? ಕೆಟ್ಟದ್ದು ಪ್ಲಾಸ್ಟರಿನೊಳಗಿದೆ, ಬಂದು ನೋಡಿ. ನಾಳೆ ಆ ಕೈ ಕೂಡಿದರೂ ಆಕೆಯನ್ನು ಕೆಲಸಕ್ಕೆ ಕರೆಯಲು ಯಾವ ಮುಕಾದಮನೂ ತಯಾರಿಲ್ಲ.

ನನ್ನ ತಪ್ಪನ್ನು ನಮ್ಮ ಗುಂಪಿನಲ್ಲಿ ಒಪ್ಪಿ ಬರೆದೆ. ಬಂದ ಉತ್ತರ ಒಂದೇ: "ನಿಮ್ಮದಿರ್ಲಿ ಕಾಕಾ, ಠಾಣ್ಯಾದವ್ರು ಏನಂತಾರ?"

ಆದ್ದರಿಂದ ಬರುವ ಸಂತೆಯ ದಿನ, ಅದೇ ಜಾಗದಲ್ಲಿ, ಗುಂಡವ್ವನ ಪಕ್ಕದಲ್ಲಿ ನಿಂತು, ಧ್ವನಿವರ್ಧಕ ಹಿಡಿದು, ತಪ್ಪಾಯಿತು ಎಂದು ಹೇಳಿ. ಅದನ್ನೇ ನಿಮ್ಮ ಠಾಣೆಯ ಅದೇ ಗುಂಪಿಗೆ ಅದೇ ಹೆಸರಿನಲ್ಲಿ ಹಾಕಿ. ಕನ್ನಡಕ್ಕೆ ನಾನು ತಿರುಗಿಸುತ್ತೇನೆ. ಈ ಸಲ ಒಂದು ಮಾತನ್ನೂ ಬಿಡುವುದಿಲ್ಲ.

ಇಂತಿ,
ಒಂದು ಮಾತು ನುಂಗಿ ತಂಗಿಯ ಕೈ ಮುರಿಸಿದ
ಗೌಂಡಿ ಚನಬಸಪ್ಪ